ಅಂಗಾಲು ನೋಡಿಕೊಳ್ಳಿ, ತೆಗೆಸಿದ ಮಚ್ಚೆಯನ್ನು ಪರೀಕ್ಷೆಗೆ ಕಳಿಸಿ

ಇವತ್ತು ಸ್ನಾನವಾದ ಮೇಲೆ ಎರಡೂ ಅಂಗಾಲುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಬೆರಳ ಸಂದು, ಹಿಮ್ಮಡಿ, ಹೆಬ್ಬೆರಳ ಉಗುರು ಯಾವುದನ್ನೂ ಬಿಡಬೇಡಿ. ಮನೆಯಲ್ಲಿ ಬಗ್ಗಲಾಗದ ಹಿರಿಯರಿದ್ದರೆ ಅವರ ಪಾದವನ್ನು ನೀವೇ ನೋಡಿ.

ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬರುವ ಕಾಯಿಲೆ ಎಂದು ನಾವು ನಿಶ್ಚಿಂತರಾಗಿದ್ದೇವೆ. ನಮ್ಮಲ್ಲಿ ಅದು ಕಡಿಮೆ, ನಿಜ. ಆದರೆ ಅದರ ಅಪಾಯಕಾರಿ ಬಗೆಯಾದ ಮೆಲನೋಮ ಕಂದು ಮೈಬಣ್ಣದವರಿಗೆ ಬಂದಾಗ ಬಹಳ ಸಲ ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನಡಿಯನ್ನೇ ಹಿಡಿಯುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳಲ್ಲಿ ಪತ್ತೆಯಾದದ್ದು ಇದೇ. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ.

ಅವಸರ ಮಾಡಿ ಎಂದು ಬೇಡುವುದಕ್ಕೆ ಕಾರಣವಿದೆ. ಗಡ್ಡೆಯೊಳಗಿನ ಜೀವಕೋಶಗಳು ಹುಟ್ಟಿದಂತೆಯೇ ಇರುವುದಿಲ್ಲ. ಒಂದೇ ಕೋಶದ ಸಂತತಿ ಒಡೆದೊಡೆದು ಬೆಳೆಯುವಾಗ ವಂಶವಾಹಿಗಳಲ್ಲಿ ಹೊಸ ಹೊಸ ಬದಲಾವಣೆಗಳು ಸೇರುತ್ತವೆ. ಬೆಳೆಯಲು ಅನುಕೂಲವಾದದ್ದನ್ನು ಪಡೆದ ಕವಲು ಉಳಿದವನ್ನು ಹಿಂದಿಕ್ಕುತ್ತದೆ. ಅಮೆರಿಕದ ವಿಜ್ಞಾನಿ ಪೀಟರ್ ನೊವೆಲ್ ಇದನ್ನು 1976ರಲ್ಲೇ ವಿವರಿಸಿದ್ದರು. ನಿರಪಾಯಕಾರಿ ಮಚ್ಚೆಗಳಲ್ಲೂ ಬಿರಾಫ್ ಎಂಬ ಜೀನ್ ಬಹಳ ಸಲ ಬದಲಾಗಿರುತ್ತದೆ. ಅಷ್ಟಕ್ಕೇ ಕ್ಯಾನ್ಸರ್ ಆಗುವುದಿಲ್ಲ, ಹೆಚ್ಚಿನ ಮಚ್ಚೆಗಳು ಜೀವಮಾನವಿಡೀ ಸುಮ್ಮನಿರುತ್ತವೆ. ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್‌ಗಳೂ ಕಳೆದುಹೋದಾಗ ಕೋಶಗಳು ಆಳಕ್ಕಿಳಿಯುತ್ತವೆ. ಅಂಗಾಲಿನ ಬಗೆಯಲ್ಲಂತೂ ಬಿಸಿಲು ಮಾಡುವ ಹಾನಿಯ ಗುರುತು ಕಡಿಮೆ; ಕ್ರೋಮೋಸೋಮಿನ ತುಂಡುಗಳೇ ಮುರಿದು ದುಪ್ಪಟ್ಟಾಗಿರುತ್ತವೆ.

ತಡವಾದಷ್ಟೂ ಕವಲುಗಳು ಹೆಚ್ಚು. ಬದಲಾದ ಬಿರಾಫ್ ಮೇಲೆ ಗುರಿಯಿಟ್ಟ ವೆಮುರಾಫೆನಿಬ್ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ದೊಡ್ಡ ಆಸೆ ಮೂಡಿತ್ತು. ಗಡ್ಡೆಗಳು ಕರಗಿದವು ಕೂಡ. ಆದರೆ ಒಂದೇ ಕಳೆನಾಶಕ ಹೊಡೆದ ಹೊಲದಲ್ಲಿ ಅದಕ್ಕೆ ಜಗ್ಗದ ಕಳೆ ಹಬ್ಬುವಂತೆ, ಹೆಚ್ಚಿನವರಲ್ಲಿ ತಿಂಗಳುಗಳೊಳಗೆ ಕಾಯಿಲೆ ಮರಳಿತು. ಅದೇ ಮೆಲನೋಮ ಒಂದು ಮಿಲಿಮೀಟರ್‌ಗಿಂತ ತೆಳುವಾಗಿದ್ದಾಗ ಕತ್ತರಿಸಿ ತೆಗೆದರೆ ಬಹುತೇಕರು ಗುಣವಾಗುತ್ತಾರೆ. ಇಷ್ಟು ಸಣ್ಣ ಶಸ್ತ್ರಚಿಕಿತ್ಸೆಯಿಂದ ಉಳಿಯಬಹುದಾದ ಜೀವ ಹೋಗುವುದನ್ನು ನಾವು ಒಪ್ಪಿಕೊಳ್ಳಬಾರದು.

ಹಾಗಾಗಿ ಕೈಮುಗಿದು ಕೇಳುತ್ತೇನೆ. ಅಂಗಾಲಿನ ಕಪ್ಪು ಕಲೆ ಅಗಲವಾಗುತ್ತಿದ್ದರೆ, ಬಣ್ಣ ಅಥವಾ ಅಂಚು ಬದಲಾದರೆ, ರಕ್ತ ಒಸರಿದರೆ ಚರ್ಮವೈದ್ಯರಿಗೆ ತೋರಿಸಿ. ಹಲವು ಉಗುರುಗಳಲ್ಲಿ ತೆಳು ಕಪ್ಪು ಗೆರೆ ನಮ್ಮವರಲ್ಲಿ ಸಾಮಾನ್ಯ, ಗಾಬರಿ ಬೇಡ. ಒಂದೇ ಉಗುರಿನ ಗೆರೆ ದಪ್ಪವಾಗಿ ಸುತ್ತಲಿನ ಚರ್ಮಕ್ಕೂ ಹರಡಿದರೆ ತಡಮಾಡಬೇಡಿ. ಹಳೆಯ ಸುಟ್ಟ ಕಲೆಯಲ್ಲಿ ಎದ್ದ, ಮಾಯದ ಹುಣ್ಣನ್ನೂ ತೋರಿಸಿ. ಅಲ್ಲಿ ಬೇರೊಂದು ಬಗೆಯ ಚರ್ಮದ ಕ್ಯಾನ್ಸರ್ ಹುಟ್ಟಬಹುದು. ಆಣಿ ಎಂದು ಬ್ಲೇಡಿನಲ್ಲಿ ಕೆತ್ತಬೇಡಿ, ಸುಣ್ಣ ಸೋಡ ಹಚ್ಚಿ ಸುಡಬೇಡಿ. ಮೇಲಿನದು ಉದುರಿದರೂ ಒಳಗಿನದು ಬೆಳೆಯುತ್ತಲೇ ಇರುತ್ತದೆ.

ಸಣ್ಣ ಕ್ಲಿನಿಕ್ ನಡೆಸುವ ವೈದ್ಯರೇ, ಅನುಮಾನದ ಮಚ್ಚೆಯನ್ನು ಸುಟ್ಟು ತೆಗೆಯಬೇಡಿ. ಕತ್ತರಿಸಿದ ತುಂಡನ್ನು ಬಿಸಾಡಬೇಡಿ. ಓದುಗರೇ, ನೀವೂ ಕೇಳಿ: "ಡಾಕ್ಟ್ರೇ, ಇದನ್ನು ಬಯಾಪ್ಸಿಗೆ ಕಳಿಸುತ್ತೀರಾ?" ವರದಿ ಕೈಗೆ ಬರುವವರೆಗೂ ಬಿಡಬೇಡಿ.