ಕಾಡಿನ ಮೇಲಿನ ಆಕಾಶ ಯಾರದ್ದು?

ಗಾಡಿಯ ನೆತ್ತಿಯ ಮೇಲೆ ಮಣೆಯಷ್ಟು ಅಗಲದ ಒಂದು ಆಂಟೆನಾ. ಒಳಗೆ ಹಾಸಿಗೆ, ಪುಟ್ಟ ಒಲೆ, ಲ್ಯಾಪ್‌ಟಾಪ್. ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟು, ಕೊಳ್ಳೇಗಾಲ ದಾಟಿ, ಹನೂರಿನಾಚೆ ಎಲ್ಲೋ ಕಾಡಂಚಿನಲ್ಲಿ ಗಾಡಿ ನಿಲ್ಲಿಸಿ, ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಆಫೀಸಿನ ಮೀಟಿಂಗಿಗೆ ಕೂರುವುದು. ಉಪಗ್ರಹ ಇಂಟರ್ನೆಟ್ ಬಂತು ಎಂದಾಗಲೆಲ್ಲ ನಗರದ ಗೆಳೆಯರು ಕಣ್ಣರಳಿಸಿ ಹೇಳುವ ಕನಸು ಇದು. ಅಲೆದಾಟ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಆಂಟೆನಾ ಕೆಟ್ಟದ್ದೆಂದೂ ಹೇಳುವುದಿಲ್ಲ. ಆದರೆ ಈ ಕನಸಿನೊಳಗೆ ನಮ್ಮ ಸೀಮೆಯ ಜನರೇ ಇಲ್ಲವಲ್ಲ, ಅದು ನನ್ನ ತಕರಾರು.

ನಾನು ಯಳಂದೂರಿನ ಕಡೆಯವನು. ಒಂದು ದಿಕ್ಕಿಗೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ದಿಕ್ಕಿಗೆ ಮಲೆ ಮಹದೇಶ್ವರ ಬೆಟ್ಟ. ಪ್ರವಾಸದ ಜಾಹೀರಾತುಗಳಲ್ಲಿ ಈ ಎರಡೂ ಕಡೆಗೆ ಒಂದೇ ವಿಶೇಷಣ: 'ನೆಟ್‌ವರ್ಕ್ ಸಿಗದ ನೆಮ್ಮದಿ'. ನೆಟ್‌ವರ್ಕ್ ಇಲ್ಲದಿರುವುದು ಬಂದುಹೋಗುವವರಿಗೆ ನೆಮ್ಮದಿ. ಇರುವವರಿಗೆ ಅದು ಏನು ಎಂದು ಯಾರೂ ಕೇಳಲಿಲ್ಲ. ಈಗ ಆಂಟೆನಾ ಸಿಗುತ್ತದೆ ಎಂದ ಕೂಡಲೇ ಅದೇ ಜನ ರಾಗ ಬದಲಿಸಿ, 'ಎಲ್ಲಿಗೆ ಹೋದರೂ ಸಂಪರ್ಕ' ಎನ್ನುತ್ತಿದ್ದಾರೆ. ಮೌನ ಬೇಕಾದಾಗ ಮೌನ, ಇಂಟರ್ನೆಟ್ ಬೇಕಾದಾಗ ಇಂಟರ್ನೆಟ್. ಎರಡೂ ಅವರ ಆಯ್ಕೆ. ಪೋಡಿನ ಸೋಲಿಗರ ಹುಡುಗಿಗೆ ಎರಡರಲ್ಲಿ ಒಂದೂ ಆಯ್ಕೆಯಾಗಿ ಬಂದದ್ದಲ್ಲ.

ಕಾಡು ಖಾಲಿ ಜಾಗ ಎಂಬ ಭ್ರಮೆ ಮೊದಲು ಹೋಗಬೇಕು. ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಣೆಯಾದದ್ದು 2013ರಲ್ಲಿ. ಮಾದಪ್ಪನ ಒಕ್ಕಲು ಆ ಬೆಟ್ಟಗಳಲ್ಲಿ ನೆಲೆಸಿ ಎಷ್ಟೋ ತಲೆಮಾರುಗಳಾದವು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ 2011ರಲ್ಲಿ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ಕಿತು. ಅಂದರೆ ಕಾನೂನಿನ ಪ್ರಕಾರವೇ ಆ ಕಾಡಿಗೆ ಹಕ್ಕುದಾರರಿದ್ದಾರೆ. ಗಾಡಿ ನಿಲ್ಲಿಸುವವರು 'ಯಾರೂ ಇಲ್ಲದ ಜಾಗ' ಎಂದು ಫೋಟೊ ಹಾಕುವ ಜಾಗ ಅದು.

ಆ ಜನ ಏನು ಕೇಳುತ್ತಿದ್ದಾರೆ ಎಂಬುದೂ ಗುಟ್ಟಲ್ಲ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯ ದಿನ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯಿತು. ಮೂಲಸೌಕರ್ಯ ಇಲ್ಲವೆಂದು ಊರವರು ಮತದಾನ ಬಹಿಷ್ಕರಿಸಿದ್ದರು. ಅಧಿಕಾರಿಗಳು ಮನವೊಲಿಸಲು ಹೋದಾಗ ಮಾತು ಕೈಮೀರಿತು. 29ರಂದು ಮರುಮತದಾನ ನಡೆಯಿತು. ಮತಯಂತ್ರ ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮತಯಂತ್ರ ತಲುಪಿದ ಊರಿಗೆ ಉಳಿದದ್ದು ಯಾಕೆ ತಲುಪಲಿಲ್ಲ ಎಂಬ ಪ್ರಶ್ನೆಯನ್ನು ಆ ಕಲ್ಲುಗಳ ಜೊತೆ ಗುಡಿಸಿ ಹಾಕುವಂತಿಲ್ಲ.

ಸಿಗ್ನಲ್ ಇಲ್ಲದಿದ್ದರೆ ಏನು ಮಹಾ ನಷ್ಟ ಎಂದು ಕೇಳುವವರಿದ್ದಾರೆ. ಹಿಂದೆ ಈ ಪ್ರಶ್ನೆಗೆ ಸ್ವಲ್ಪ ಅರ್ಥವಿತ್ತು, ಈಗ ಇಲ್ಲ. ಸರ್ಕಾರವೇ ತನ್ನ ಬಾಗಿಲನ್ನು ಮೊಬೈಲಿನೊಳಕ್ಕೆ ಸಾಗಿಸಿಬಿಟ್ಟಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡಬೇಕಾದರೆ ಬೆರಳು ಒತ್ತಬೇಕು, ಒತ್ತಿದ ಬೆರಳು ಸರ್ವರ್ ತಲುಪಬೇಕು. ಉದ್ಯೋಗ ಖಾತರಿಯ ಕೂಲಿಗೆ 2023ರ ಜನವರಿ 1ರಿಂದ ಆಪ್ ಹಾಜರಿ ಕಡ್ಡಾಯವಾಯಿತು, ದಿನಕ್ಕೆ ಎರಡು ಸಲ ಫೋಟೊ. ಕೊರೋನಾ ಕಾಲದಲ್ಲಿ ಶಾಲೆ ಫೋನಿನೊಳಗೆ ಹೋಯಿತು. ಸಿಗ್ನಲ್ ಹುಡುಕುತ್ತ ಮಕ್ಕಳು ಬಂಡೆ ಹತ್ತಿದರು, ಮರ ಹತ್ತಿದರು. ವಿದ್ಯಾರ್ಥಿವೇತನದ ಅರ್ಜಿ, ಪಹಣಿ, ಜಾತಿ ಪ್ರಮಾಣಪತ್ರ, ಎಲ್ಲಕ್ಕೂ ಒಂದು ಒಟಿಪಿ. ಆ ನಾಲ್ಕು ಅಂಕಿಗಾಗಿ ಬೆಟ್ಟ ಇಳಿದು ಬರುವವರ ಬಸ್ ಚಾರ್ಜು, ಕಳೆದುಹೋದ ದಿನಗೂಲಿ ಯಾವ ಲೆಕ್ಕಪತ್ರದಲ್ಲೂ ಇರುವುದಿಲ್ಲ. ಇಂಟರ್ನೆಟ್ ಇಲ್ಲದೆ ಬದುಕಬಹುದು ಎನ್ನುವವರು ಮೊದಲು ಇಂಟರ್ನೆಟ್ ಇಲ್ಲದೆ ಅಕ್ಕಿ ಸಿಗುವಂತೆ ಮಾಡಲಿ.

ಈಗ ತಂತ್ರಜ್ಞಾನಕ್ಕೆ ಬರೋಣ. ಹಳೆಯ ಸಂಪರ್ಕ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲಿದ್ದವು. ಪ್ರಶ್ನೆ ಮೇಲೆ ಹೋಗಿ ಉತ್ತರ ಕೆಳಗೆ ಬರಲು ಅರ್ಧ ಸೆಕೆಂಡು ಬೇಕು. ಮಾತಿಗೆ ಮಾತು ತಡವರಿಸುತ್ತದೆ. ಸ್ಟಾರ್‌ಲಿಂಕ್‌ನಂಥ ಹೊಸ ಜಾಲಗಳ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲೇ ಸುತ್ತುತ್ತವೆ, ತಡ ಗೊತ್ತಾಗುವುದೇ ಇಲ್ಲ. ಆದರೆ ಇಷ್ಟು ಕೆಳಗಿರುವ ಉಪಗ್ರಹ ಒಂದೂರಿನ ಮೇಲೆ ನಿಲ್ಲಲಾರದು, ಕೆಲವೇ ನಿಮಿಷಗಳಲ್ಲಿ ಹಾದುಹೋಗುತ್ತದೆ. ಹಾಗಾಗಿ ಸಾವಿರಾರು ಉಪಗ್ರಹಗಳು ಬೇಕು. ಅವು ಬೆಂಗಳೂರಿನ ಮೇಲೆ ಹಾರುವಂತೆಯೇ ಪೊನ್ನಾಚಿಯ ಮೇಲೂ ಹಾರಲೇಬೇಕು, ಬೇರೆ ದಾರಿಯಿಲ್ಲ. ಒಂದು ಪ್ರದೇಶಕ್ಕೆ ಸಿಗುವ ಸಾಮರ್ಥ್ಯವನ್ನು ಅಲ್ಲಿನ ಬಳಕೆದಾರರು ಹಂಚಿಕೊಳ್ಳಬೇಕು. ನಗರದಲ್ಲಿ ನೂಕುನುಗ್ಗಲು, ಕಾಡಿನ ಮೇಲೆ ಬಹುಪಾಲು ಖಾಲಿ.

ಇಲ್ಲಿಯೇ ನನ್ನ ವಾದದ ತಿರುಳಿದೆ. ಗುಡ್ಡದ ಮೇಲೆ ಗೋಪುರ ಕಟ್ಟಬೇಕಾದರೆ ರಸ್ತೆ ಬೇಕು, ಕರೆಂಟು ಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು. ಇಷ್ಟು ಕಡಿಮೆ ಜನರಿಗೆ ಅಷ್ಟು ಖರ್ಚೇಕೆ ಎಂದು ಕಂಪನಿಗಳು ಇಷ್ಟು ವರ್ಷ ಹೇಳಿದವು. ಉಪಗ್ರಹಕ್ಕೆ ಈ ನೆಪವಿಲ್ಲ. ಹೇಗೂ ಹಾರುತ್ತಿರುವ, ಹೇಗೂ ಖಾಲಿಯಿರುವ ಸಾಮರ್ಥ್ಯವನ್ನು ಒಂದು ಪೋಡಿನ ಶಾಲೆಗೆ ಕೊಟ್ಟರೆ ಹೆಚ್ಚುವರಿ ಖರ್ಚು ಒಂದು ಆಂಟೆನಾ, ಒಂದು ಸೋಲಾರ್ ಫಲಕ, ಒಂದು ಬ್ಯಾಟರಿ, ಅದನ್ನು ನೋಡಿಕೊಳ್ಳುವ ಊರಿನ ಒಬ್ಬ ಹುಡುಗನ ಸಂಬಳ. ಅಂಥ ಆಕಾಶವನ್ನು ವಾರಾಂತ್ಯದ ವಿರಾಮಕ್ಕೆ ಮೊದಲು ಮಾರುವುದು ಎಲ್ಲಿಯ ನ್ಯಾಯ? ಒಬ್ಬರ ಹೊಟ್ಟೆಗೆ ಹಿಟ್ಟಿಲ್ಲ, ಇನ್ನೊಬ್ಬರ ಜುಟ್ಟಿಗೆ ಮಲ್ಲಿಗೆ.

ಇದು ಆಗದ ಹೋಗದ ಮಾತೆಂದು ತಳ್ಳಿಹಾಕುವವರಿಗೆ ನಮ್ಮದೇ ಚರಿತ್ರೆ ನೆನಪಿಸಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತೋರಿಸಲಾಯಿತು. 'ಸೈಟ್' ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳು. ಟಿವಿ ಇಟ್ಟದ್ದು ಗೌಡರ ಮನೆಯ ಪಡಸಾಲೆಗಲ್ಲ, ಊರವರೆಲ್ಲ ಕೂರಬಹುದಾದ ಜಾಗಕ್ಕೆ. ಉಪಗ್ರಹ ಎಂಬ ಮಾತು ಈ ದೇಶದಲ್ಲಿ ಜನರ ಬಳಿಗೆ ಬಂದದ್ದು ಹೀಗೆ, ಹಳ್ಳಿಯ ಶಾಲೆ ಮತ್ತು ಒಕ್ಕಲುತನದ ನೆಪದಲ್ಲಿ.

ನಮ್ಮ ಜಿಲ್ಲೆಯ ಕಥೆ ಇನ್ನೂ ಹತ್ತಿರದ್ದು. 2004ರ ಸೆಪ್ಟೆಂಬರ್ 20ರಂದು ಇಸ್ರೋ 'ಎಜುಸ್ಯಾಟ್' ಹಾರಿಸಿತು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಗಳಿಗೆ ಅದನ್ನು ಪ್ರಯೋಗಿಸಲು ಆರಿಸಿಕೊಂಡದ್ದು ಚಾಮರಾಜನಗರ ಜಿಲ್ಲೆಯನ್ನು. 885 ಶಾಲೆಗಳಿಗೆ ಆಂಟೆನಾ, ಟಿವಿ. ಕೊಳ್ಳೇಗಾಲ, ಯಳಂದೂರು ಸೀಮೆಯ ಶಾಲೆಯ ಸೂರಿನ ಮೇಲೆ ಉಪಗ್ರಹದ ತಟ್ಟೆ ಕೂತದ್ದು ಇಪ್ಪತ್ತು ವರ್ಷದ ಹಿಂದೆಯೇ! ಆ ಉಪಗ್ರಹದ ಆಯುಸ್ಸು 2010ರಲ್ಲಿ ಮುಗಿಯಿತು. ಅದೊಂದು ಒಮ್ಮುಖದ ವ್ಯವಸ್ಥೆ: ಮಗು ಪಾಠ ನೋಡಬಹುದಿತ್ತು, ಪ್ರಶ್ನೆ ಕೇಳುವಂತಿರಲಿಲ್ಲ. ಈಗ ಬಂದಿರುವುದು ಎರಡೂ ಕಡೆ ಮಾತಾಡಬಲ್ಲ ತಂತ್ರ. ಮಗು ಪ್ರಶ್ನೆ ಕೇಳಬಹುದಾದ ಕಾಲ ಬಂದಾಗ ತಟ್ಟೆ ಶಾಲೆಯ ಸೂರು ಬಿಟ್ಟು ಪ್ರವಾಸಿಯ ಗಾಡಿ ಏರಬೇಕೇ?

ತಲೆಯ ಮೇಲೆ ಹಾದುಹೋಗುವುದು ಎಂದರೇನು ಎಂಬುದೂ ಈ ಸೀಮೆಗೆ ಗೊತ್ತು. ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. ಅದು ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ತಂತಿ ಹಾದುಹೋದ ಹಳ್ಳಿಗಳಿಗೆ ದೀಪ ಬರಲು ದಶಕಗಳೇ ಹಿಡಿದವು. ಆಗ ತಂತಿ ಕಣ್ಣಿಗಾದರೂ ಕಾಣುತ್ತಿತ್ತು. ಈಗಿನದು ಅದೂ ಇಲ್ಲ.

ಎದುರುವಾದಗಳನ್ನು ನಾನು ಕೇಳಿದ್ದೇನೆ. ಒಂದು: 'ನನ್ನ ದುಡ್ಡು, ನನ್ನ ಗಾಡಿ, ನಿಮಗೇನು ತೊಂದರೆ?' ದುಡ್ಡು ನಿಮ್ಮದು, ತರಂಗಾಂತರ ನಿಮ್ಮದಲ್ಲ. ಅದು ಸಾರ್ವಜನಿಕ ಸ್ವತ್ತು, ಸರ್ಕಾರ ನಮ್ಮೆಲ್ಲರ ಪರವಾಗಿ ಹಂಚುವಂಥದ್ದು. ನೆಲವೂ ನಿಮ್ಮದಲ್ಲ, ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ತಂಗುವಂತಿಲ್ಲ. ಇನ್ನೊಂದು ವಿಷಯವಿದೆ. ಈ ಆಂಟೆನಾಕ್ಕೆ ತೆರೆದ ಆಕಾಶ ಬೇಕು, ಮರದ ನೆರಳಿನಲ್ಲಿ ಅದು ತಡವರಿಸುತ್ತದೆ. ಹಾಗಾಗಿ ಗಾಡಿ ನಿಲ್ಲುವುದು ಬಯಲಿನಲ್ಲಿ, ಕೆರೆಯಂಗಳದಲ್ಲಿ. ಆನೆ, ಕಾಟಿ, ಜಿಂಕೆ ಇಳಿದು ಬರುವುದೂ ಅಲ್ಲಿಗೇ.

ಎರಡು: 'ಸಿರಿವಂತರು ಮೊದಲು ಕೊಂಡರೆ ಬೆಲೆ ಇಳಿದು ಬಡವರಿಗೂ ಸಿಗುತ್ತದೆ.' ಮೊಬೈಲಿನ ವಿಚಾರದಲ್ಲೂ ಇದನ್ನೇ ಹೇಳಿದ್ದರು. ಬೆಲೆ ಇಳಿಯಿತು, ನಿಜ. ಆದರೂ 2022ರ ಜುಲೈನಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಡಬೇಕಾಯಿತು. ಮಾರುಕಟ್ಟೆ ತಾನಾಗಿ ಬೆಟ್ಟ ಹತ್ತುವುದಾಗಿದ್ದರೆ ಈ ಯೋಜನೆಯೇ ಬೇಕಿರಲಿಲ್ಲ.

ಮೂರು: 'ನಾವು ಬಂದಾಗ ಊರವರಿಗೂ ವೈಫೈ ಕೊಡುತ್ತೇವೆ.' ಒಳ್ಳೆಯ ಮನಸ್ಸು. ಆದರೆ ನೀವು ಭಾನುವಾರ ಹೊರಟಮೇಲೆ ಸೋಮವಾರ ಹೆರಿಗೆ ನೋವು ಬಂದವಳು ಯಾರ ಪಾಸ್‌ವರ್ಡ್ ಕೇಳಬೇಕು? ಹಕ್ಕಾಗಿ ಬರಬೇಕಾದ್ದು ಭಿಕ್ಷೆಯಾಗಿ ಬರಬಾರದು.

ಗಾಡಿಯಲ್ಲಿ ಬಂದು ತಂಗುವುದು ನಮಗೇನೂ ಹೊಸತಲ್ಲ. ಚಿಕ್ಕಲ್ಲೂರು ಜಾತ್ರೆಗೆ ಜನ ಗಾಡಿ ಕಟ್ಟಿಕೊಂಡು ಬಂದು ಬಿಡಾರ ಹೂಡುತ್ತಿದ್ದರು, ಈಗ ಟ್ರ್ಯಾಕ್ಟರು, ಟೆಂಪೊಗಳಲ್ಲಿ ಬರುತ್ತಾರೆ. ಚಂದ್ರಮಂಡಲದ ರಾತ್ರಿಯಿಂದ ಐದು ದಿನ ಬಯಲೇ ಮನೆ. ಅಲ್ಲಿಯ ಪಂಕ್ತಿಸೇವೆಯಲ್ಲಿ ಜಾತಿ ನೋಡದೆ ಸಾಲಾಗಿ ಕೂತು ಉಣ್ಣುತ್ತಾರೆ. ಪರಸ್ಥಳದಲ್ಲಿ ಬಿಡಾರ ಹೂಡುವವನಿಗೆ ಆ ಸ್ಥಳದ ಋಣವಿರುತ್ತದೆ ಎಂಬುದು ಸಿದ್ದಪ್ಪಾಜಿಯ ಒಕ್ಕಲಿಗೆ ಯಾರೂ ಪಾಠ ಮಾಡಿ ಹೇಳಬೇಕಾಗಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಟ್ರಾಯ್ ತನ್ನ ಶಿಫಾರಸಿನಲ್ಲಿ ಆದಾಯದ ಶೇ. 4ರಷ್ಟು ಶುಲ್ಕದ ಜೊತೆಗೆ ನಗರದ ಪ್ರತಿ ಚಂದಾದಾರನಿಗೆ ವರ್ಷಕ್ಕೆ 500 ರೂಪಾಯಿ ಹೆಚ್ಚುವರಿ ಎಂದಿತು. ಹಳ್ಳಿಗೆ ಅದು ಇಲ್ಲ. ಊರು ಬೇರೆ, ಪೇಟೆ ಬೇರೆ ಎಂಬ ತತ್ವ ಇಲ್ಲಿ ಒಪ್ಪಿತವಾಗಿದೆ. ಹಾಗಿದ್ದರೆ ಪೇಟೆಯಲ್ಲಿ ನೋಂದಾಯಿಸಿ ಕಾಡಿನಲ್ಲಿ ಬಳಸುವ ಗಾಡಿಯ ಆಂಟೆನಾಕ್ಕೆ ಇನ್ನೂ ಹೆಚ್ಚಿನ ಶುಲ್ಕವಿರಲಿ, ಆ ಹಣ ಅದೇ ತಾಲ್ಲೂಕಿನ ಪೋಡುಗಳ ಸಂಪರ್ಕಕ್ಕೆ ಹೋಗಲಿ. ಭದ್ರತೆಯ ಕಾರಣಕ್ಕೆ ಪ್ರತಿ ಟರ್ಮಿನಲ್ ಎಲ್ಲಿದೆ ಎಂದು ಕಂಪನಿ ತಿಳಿಸಬೇಕೆಂಬ ಷರತ್ತು ಈಗಾಗಲೇ ಇದೆ. ಅದೇ ಷರತ್ತಿನಿಂದ ಅಭಯಾರಣ್ಯದೊಳಗೆ ಪ್ರವಾಸಿಗರ ಟರ್ಮಿನಲ್ ಕೆಲಸ ಮಾಡದಂತೆ ತಡೆಯಬಹುದು. ಮತ್ತು ಕಾಡೊಳಗಿನ ಪ್ರತಿ ಶಾಲೆ, ಪ್ರತಿ ಉಪಕೇಂದ್ರ, ಪ್ರತಿ ನ್ಯಾಯಬೆಲೆ ಅಂಗಡಿಗೆ ಒಂದೊಂದು ಆಂಟೆನಾ ಕೂತಮೇಲಷ್ಟೇ ಆ ತಾಲ್ಲೂಕಿನಲ್ಲಿ ವಿಹಾರದ ಸಂಪರ್ಕ ಮಾರಲು ಅನುಮತಿ ಸಿಗಲಿ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ರಜೆಗೆ ಈ ಬೆಟ್ಟಗಳಿಗೆ ಬನ್ನಿ, ಖಂಡಿತ ಬನ್ನಿ. ಬಂದಾಗ 'ಇಲ್ಲಿ ನೆಟ್‌ವರ್ಕ್ ಇದೆಯಾ?' ಎಂದು ನಿಮಗಾಗಿ ಕೇಳುವ ಪ್ರಶ್ನೆಯನ್ನು ಒಮ್ಮೆ ಅಂಗನವಾಡಿಯ ಅಕ್ಕನಿಗಾಗಿ, ಆಶ್ರಮ ಶಾಲೆಯ ಮೇಷ್ಟ್ರಿಗಾಗಿ ಕೇಳಿ. ಸಿಗುವ ಉತ್ತರವನ್ನು ಬರೆದಿಟ್ಟುಕೊಂಡು, ಊರಿಗೆ ಮರಳಿದ ಮೇಲೆ ನಿಮ್ಮ ಶಾಸಕರಿಗೆ, ಸಂಸದರಿಗೆ ಒಂದು ಕಾಗದ ಹಾಕಿ. ಅದಕ್ಕೆ ಉಪಗ್ರಹ ಬೇಕಿಲ್ಲ, ಅಂಚೆ ಸಾಕು.