ಹೊಸ ಮನೆಗೆ ಹೋದವರು ಮೊದಲು ತಟ್ಟಬೇಕಾದ ಬಾಗಿಲು

ಹೊಸ ಮನೆಗೆ ವಾಸ ಬದಲಿಸುವಾಗ ನಮ್ಮ ಕುಟುಂಬಗಳಲ್ಲಿ ನಡೆಯುವ ಸಿದ್ಧತೆಯನ್ನು ಸ್ವಲ್ಪ ಗಮನಿಸಿ. ಊಟಕ್ಕೆ ಎಷ್ಟು ಮಂದಿ, ಬಿರಿಯಾನಿ ಎಷ್ಟು ಕಿಲೋ, ಕುರ್‌ಆನ್ ಪಾರಾಯಣಕ್ಕೆ ಮದ್ರಸದಿಂದ ಎಷ್ಟು ಮಕ್ಕಳು, ದುಆ ಮಾಡಲು ಯಾವ ಉಸ್ತಾದರು ಎಂಬುದೆಲ್ಲ ತಿಂಗಳ ಮೊದಲೇ ನಿರ್ಧಾರವಾಗಿರುತ್ತದೆ. ದೂರದ ಊರಿನ ನೆಂಟರಿಗೂ ಕರೆ ಹೋಗಿರುತ್ತದೆ. ಆದರೆ ನಮ್ಮ ಗೋಡೆಗೆ ಅಂಟಿಕೊಂಡೇ ಇರುವ ಮನೆಯವರಿಗೆ ಕರೆ ಹೋಗಿರುವುದಿಲ್ಲ. ಅವರ ಹೆಸರೇ ನಮಗೆ ಇನ್ನೂ ತಿಳಿದಿರುವುದಿಲ್ಲ. ಸಮಾರಂಭ ಮುಗಿದು ವರ್ಷ ಕಳೆದರೂ ತಿಳಿಯದಿರುವ ಮನೆಗಳಿವೆ.

ದಿನ ನೋಡುವ ರೂಢಿಯೂ ನಮ್ಮಲ್ಲಿ ಕಡಿಮೆಯೇನಿಲ್ಲ. ಸಫರ್ ತಿಂಗಳಲ್ಲಿ, ಅದರಲ್ಲೂ ಮೊದಲ ಹದಿಮೂರು ದಿನ, ಮನೆ ಬದಲಿಸಬಾರದೆಂದು ನಂಬುವವರು ಇಂದಿಗೂ ಇದ್ದಾರೆ. ನನ್ನ ಪರಿಚಯದ ಒಂದು ಕುಟುಂಬ ಇದೇ ಕಾರಣಕ್ಕೆ ಒಂದು ತಿಂಗಳು ಎರಡೂ ಮನೆಗಳಿಗೆ ಬಾಡಿಗೆ ಕಟ್ಟಿತು. ಸಫರ್ ತಿಂಗಳಿಗೆ ಅಪಶಕುನ ಅಂಟಿಸುವುದನ್ನು ಪ್ರವಾದಿ(ಸ) ತಳ್ಳಿಹಾಕಿದ ಹದೀಸ್ ಬುಖಾರಿಯಲ್ಲೇ ಇದೆ. ಆ ಬಾಡಿಗೆಯ ಹಣದಲ್ಲಿ ಇಡೀ ಬೀದಿಗೆ ಖರ್ಜೂರ ಹಂಚಬಹುದಿತ್ತು.

ನಾವು ಕರಾವಳಿಯಿಂದ ಬೆಂಗಳೂರಿಗೆ ಬಂದವರು. ಈಗ ಇರುವುದು ಚಾಮರಾಜಪೇಟೆಯಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರದ ಒಂದು ಹಳೆಯ ಮನೆಯ ಮಹಡಿಯಲ್ಲಿ. ಇದಕ್ಕೆ ಮೊದಲು ಎರಡು ತಿಂಗಳು ಬಸವನಗುಡಿಯಲ್ಲೂ ಮಲ್ಲೇಶ್ವರದಲ್ಲೂ ಮನೆ ಹುಡುಕಿದೆವು. ಫೋನಿನಲ್ಲಿ ಮಾತು ಚೆನ್ನಾಗಿಯೇ ಸಾಗುತ್ತಿತ್ತು. ನನ್ನ ಕನ್ನಡ ಕೇಳಿ "ಮಂಗಳೂರು ಕಡೆಯವರಾ?" ಎಂದು ಸಂತೋಷದಿಂದ ವಿಚಾರಿಸಿದವರೂ ಉಂಟು. ಹೆಸರು ಹೇಳಿದ ಮೇಲೆ ಮಾತ್ರ, ಆ ಮನೆ ಆಗಲೇ ಬೇರೆ ಯಾರಿಗೋ ಆಗಿಬಿಟ್ಟಿರುತ್ತಿತ್ತು. ಕೆಲವರು ನೇರವಾಗಿ "ಸಸ್ಯಾಹಾರಿಗಳಿಗೆ ಮಾತ್ರ" ಎಂದರು. ಒಂದು ಕಡೆ, ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲವೆಂದು ನಾವಾಗಿಯೇ ಒಪ್ಪಿಕೊಂಡರೂ ಉತ್ತರ ಬದಲಾಗಲಿಲ್ಲ. ಆಗ ತಿಳಿಯಿತು, ಪ್ರಶ್ನೆ ಅಡುಗೆಯದ್ದಾಗಿರಲಿಲ್ಲ.

ಈ ಬಡಾವಣೆಗಳ ಚರಿತ್ರೆ ಬಲ್ಲವರಿಗೆ ಇದು ವಿಚಿತ್ರವೆನಿಸಬೇಕು. 1892ರಲ್ಲಿ ರೂಪುಗೊಂಡಾಗ ಚಾಮರಾಜಪೇಟೆ ಹಳೆಯ ಪೇಟೆಯ ಹೊರಗಿನ ಹೊಸ ಬಡಾವಣೆಯಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಾಗ ಇಕ್ಕಟ್ಟಾದ ಓಣಿಗಳನ್ನು ತೊರೆದು ಜನ ಹೊರಬಂದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ನಂತರ. ಇಂದು ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ತೂಗಿ ನೋಡುವ ಈ ಬೀದಿಗಳಲ್ಲಿ ಎಲ್ಲರ ಹಿರಿಯರೂ ಒಂದು ದಿನ ಪಾತ್ರೆ ಪಗಡಗಳೊಂದಿಗೆ ಬಂದಿಳಿದ ಹೊಸಬರೇ ಆಗಿದ್ದರು.

ಇಂಥ ಅನುಭವದ ನಂತರ ನಮ್ಮವರೇ ಇರುವ ಕಡೆಗೆ ಹೋಗಿಬಿಡೋಣ ಎಂದು ಅನಿಸುವುದು ಸಹಜ. ಮಸೀದಿ ಹತ್ತಿರ, ಮಕ್ಕಳಿಗೆ ಮದ್ರಸ ಹತ್ತಿರ, ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ಹಾಗೆ ಹೋದವರನ್ನು ನಾನು ದೂರುವುದಿಲ್ಲ. ನನ್ನ ಆಕ್ಷೇಪ ಇರುವುದು ಎಲ್ಲರೂ ಬೆರೆತ ಬೀದಿಯಲ್ಲಿ ಕೊನೆಗೂ ಒಂದು ಮನೆ ಸಿಕ್ಕಿದ ಮೇಲೆ, ಹಿಂದೆ ಮುಚ್ಚಿದ ಬಾಗಿಲುಗಳ ಕಹಿಯನ್ನು ಹೊಸ ಹೊಸ್ತಿಲಿನೊಳಗೂ ಹೊತ್ತು ತಂದು, ತೆರೆದ ಬಾಗಿಲಿನವರೊಂದಿಗೂ ಮಾತು ಬಿಡುವುದರ ಬಗ್ಗೆ. ಮೊದಲ ಕೆಲವು ತಿಂಗಳು ನಾನೂ ಹಾಗೆಯೇ ಇದ್ದೆ. ಮೆಟ್ಟಿಲಿಳಿದು ಸ್ಕೂಟರ್ ಹತ್ತುವುದು, ಸಂಜೆ ಬಂದು ಬಾಗಿಲು ಹಾಕಿಕೊಳ್ಳುವುದು. ಕೆಳಗಿನ ಮನೆಯ ಹಿರಿಯರು ಜಗಲಿಯಲ್ಲಿ ಕುಳಿತಿದ್ದರೆ ಫೋನು ನೋಡುತ್ತ ದಾಟಿಬಿಡುತ್ತಿದ್ದೆ.

ಹೊಸ ಊರಿಗೆ ಹೋಗಿ ನೆಲೆಸುವುದು ಹೇಗೆಂದು ಕಲಿಸಲು ಹಿಜ್ರತ್‌ಗಿಂತ ದೊಡ್ಡ ಪಾಠ ನಮ್ಮಲ್ಲಿಲ್ಲ. ಕ್ರಿ.ಶ. 622ರಲ್ಲಿ ಪ್ರವಾದಿ(ಸ) ಮದೀನಾ ತಲುಪಿದ್ದು ಮಕ್ಕಾದ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ. ಅವರು ಮೊದಲು ಆಡಿದ ಮಾತನ್ನು ಅಬ್ದುಲ್ಲಾಹ್ ಬಿನ್ ಸಲಾಮ್(ರ) ಕೇಳಿ ನೆನಪಿಟ್ಟರು. ಅವರು ಆಗ ಯಹೂದಿ ವಿದ್ವಾಂಸರಾಗಿದ್ದರು, ಬಂದವರು ಯಾರೆಂದು ನೋಡಲು ಜನರೊಂದಿಗೆ ಹೋದವರು. ಮಕ್ಕಾದವರ ಮೇಲಿನ ದೂರು ಆ ಮಾತಿನಲ್ಲಿ ಇರಲಿಲ್ಲ. ಸಲಾಮನ್ನು ಹಬ್ಬಿಸಿರಿ, ಉಣಬಡಿಸಿರಿ, ಸಂಬಂಧಗಳನ್ನು ಜೋಡಿಸಿರಿ, ಜನ ಮಲಗಿರುವಾಗ ನಮಾಝ್ ಮಾಡಿರಿ ಎಂಬುದು ಅದರ ಸಾರ.

ಸುಮಾರು ಏಳು ತಿಂಗಳು ಅವರು ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ಮನೆಯಲ್ಲಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಅದು ಎರಡು ಅಂತಸ್ತಿನ ಮನೆ. ಕೆಳಗೆ ಪ್ರವಾದಿ(ಸ), ಮೇಲೆ ಮನೆಯ ಯಜಮಾನರು. ಒಂದು ರಾತ್ರಿ ಅಬೂ ಅಯ್ಯೂಬರಿಗೆ ತಾನು ನಡೆದಾಡುತ್ತಿರುವುದು ಪ್ರವಾದಿಯವರ ತಲೆಯ ಮೇಲೆ ಎಂಬ ಅರಿವಾಯಿತು. ದಂಪತಿಗಳಿಬ್ಬರೂ ಕೋಣೆಯ ಒಂದು ಬದಿಗೆ ಸರಿದು ರಾತ್ರಿ ಕಳೆದರು. ಇನ್ನೊಮ್ಮೆ ನೀರಿನ ಮಡಕೆ ಒಡೆದಾಗ, ಕೆಳಗೆ ಸೋರೀತೆಂಬ ಭಯದಿಂದ, ಹೊದೆಯಲು ಇದ್ದ ಒಂದೇ ಹೊದಿಕೆಯಿಂದ ನೀರನ್ನು ಒರೆಸಿದರು. ಕೊನೆಗೆ ಒತ್ತಾಯಿಸಿ ಪ್ರವಾದಿಯವರನ್ನೇ ಮೇಲಿನ ಅಂತಸ್ತಿಗೆ ಕಳುಹಿಸಿ ತಾವು ಕೆಳಗೆ ಬಂದರು.

ಅದೇ ಮನೆಯ ಇನ್ನೊಂದು ಘಟನೆ ಅಡುಗೆಗೆ ಸಂಬಂಧಿಸಿದ್ದು. ಬೆಳ್ಳುಳ್ಳಿ ಹಾಕಿದ ಊಟವನ್ನು ಪ್ರವಾದಿ(ಸ) ಮುಟ್ಟದೆ ಹಿಂದಿರುಗಿಸಿದರು. ಅದು ಹರಾಮೇ ಎಂದು ಅಬೂ ಅಯ್ಯೂಬ್ ಗಾಬರಿಯಿಂದ ಕೇಳಿದರು. ಅಲ್ಲ, ತನಗೆ ಹಿಡಿಸುವುದಿಲ್ಲ ಅಷ್ಟೇ ಎಂದು ಪ್ರವಾದಿ(ಸ) ಉತ್ತರಿಸಿದರು. ಹಾಗಾದರೆ ತಮಗೆ ಹಿಡಿಸದ್ದು ನನಗೂ ಬೇಡ ಎಂದರು ಅಬೂ ಅಯ್ಯೂಬ್. ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿರುವ ಈ ಪ್ರಸಂಗವನ್ನು ನಾನು ಹಲವು ಸಲ ಓದಿದ್ದೆ. ಕೆಳಗಿನ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದ ವೃದ್ಧ ದಂಪತಿಗಳಿರುವಾಗ ಓದಿದ್ದು ಬೇರೆಯೇ ಆಗಿತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಬೂ ಅಯ್ಯೂಬರ ಬಾಗಿಲಿಗೆ ಯಾರೂ ಷರತ್ತಿನ ಫಲಕ ತೂಗುಹಾಕಿರಲಿಲ್ಲ. ಅವರು ಬಿಟ್ಟದ್ದು ಪ್ರೀತಿಯಿಂದ, ಹಲಾಲ್ ಆದದ್ದು ಹಲಾಲೇ ಎಂದು ತಿಳಿದೇ. ಬಾಡಿಗೆಯ ಕರಾರಿನಲ್ಲಿ ನನ್ನ ಅಡುಗೆಮನೆಯನ್ನು ಪರಿಶೀಲಿಸುವ ಹಕ್ಕು ಕೇಳುವವರಿಗೆ ನಾನು ಒಪ್ಪಲಾರೆ. ಆದರೆ ಮೀನು ಹುರಿಯುವಾಗ ಕೆಳಗಿನವರ ಅಡುಗೆಮನೆಯ ಕಡೆಯ ಕಿಟಕಿ ಮುಚ್ಚುವುದು, ಹಸಿ ಕಸವನ್ನು ಬಿಗಿಯಾಗಿ ಮುಚ್ಚಿ ಕಸದ ಗಾಡಿ ಬಂದ ಮೇಲಷ್ಟೇ ಕೆಳಗೆ ಒಯ್ಯುವುದು ನಾನಾಗಿ ಕೊಡುವ ಮರ್ಯಾದೆ. ಅದನ್ನು ಕೊಟ್ಟರೆ ನಾನು ಚಿಕ್ಕವನಾಗುವುದಿಲ್ಲ.

ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕೆಂದು ಪ್ರವಾದಿ(ಸ) ಅಬೂ ದರ್(ರ) ಅವರಿಗೆ ಹೇಳಿದ್ದರು. ನಮ್ಮ ಸಾರು ಕೆಳಗಿನವರಿಗೆ ಆಗುವುದಿಲ್ಲ. ಹಾಗೆಂದು ಆ ಹದೀಸ್ ನಮ್ಮ ಬೀದಿಗೆ ಅನ್ವಯಿಸುವುದಿಲ್ಲವೇ? ನನ್ನ ಪತ್ನಿ ಈದ್‌ಗೆ ಖರ್ಜೂರದ ಪೊಟ್ಟಣ ಮತ್ತು ಒಂದು ಚಿಪ್ಪು ಬಾಳೆಹಣ್ಣು ಒಯ್ದಳು, ನಮ್ಮ ಪಾತ್ರೆಯ ಸೋಂಕಿಲ್ಲದ್ದು. ಸಂಕ್ರಾಂತಿಗೆ ಅಲ್ಲಿಂದ ಎಳ್ಳು ಬೆಲ್ಲ ಬಂತು. ಇಬ್ಬರು ನೆರೆಯವರಿದ್ದರೆ ಯಾರಿಗೆ ಮೊದಲು ಕೊಡಲಿ ಎಂದು ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ಹತ್ತಿರವೋ ಅವರಿಗೆ ಎಂಬುದು ಪ್ರವಾದಿಯವರ ಉತ್ತರವಾಗಿತ್ತು. ಆ ಬಾಗಿಲು ಯಾರದೆಂಬ ಷರತ್ತು ಅದರಲ್ಲಿಲ್ಲ.

ಇನ್ನುಳಿದದ್ದೆಲ್ಲ ದಿನನಿತ್ಯದ ಸಣ್ಣ ಸಂಗತಿಗಳು. ಕಾವೇರಿ ನೀರು ಬರುವ ದಿನ ಮೋಟಾರು ಯಾರು ಯಾವಾಗ ಹಾಕಬೇಕು, ಗೇಟಿನ ಮುಂದಿನ ರಂಗೋಲಿಯ ಮೇಲೆ ಸ್ಕೂಟರ್ ಹತ್ತಿಸದಂತೆ ಹೇಗೆ ಹೊರಳಿಸಬೇಕು ಎಂಬಂಥವು. ಜಗಳ ಹುಟ್ಟುವುದೂ ಇವುಗಳಲ್ಲೇ.

ಕಳೆದ ರಮಝಾನ್‌ನಲ್ಲಿ ಅಬೂ ಅಯ್ಯೂಬರ ಮಹಡಿ ನನಗೆ ಮತ್ತೆ ನೆನಪಾಯಿತು. ಸಹರಿಗೆ ನಾಲ್ಕು ಗಂಟೆಗೆ ಏಳುತ್ತೇವೆ. ಕುರ್ಚಿ ಎಳೆಯುವ ಸದ್ದು, ಮಿಕ್ಸಿ, ಮಕ್ಕಳ ಓಡಾಟ, ಎಲ್ಲವೂ ನಿದ್ದೆ ಕಡಿಮೆಯಿರುವ ಇಬ್ಬರು ವೃದ್ಧರ ತಲೆಯ ಮೇಲೆ. ಅವರು ಒಂದು ಮಾತೂ ಆಡಿರಲಿಲ್ಲ. ಎರಡನೆಯ ವಾರ ಕುರ್ಚಿಗಳ ಕಾಲಿಗೆ ರಬ್ಬರ್ ಹಾಕಿಸಿದೆ. ರುಬ್ಬುವುದನ್ನು ಪತ್ನಿ ಹಿಂದಿನ ಸಂಜೆಯೇ ಮುಗಿಸಿದಳು. ಮಕ್ಕಳಿಗೆ ಬರಿಗಾಲಿನಲ್ಲಿ ಮೆಲ್ಲಗೆ ನಡೆಯಲು ಹೇಳಿದೆವು.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದ ಪತ್ನಿಯನ್ನು ಕೆಳಗಿನ ಮನೆಯ ಅಜ್ಜಿ ಗೇಟಿನ ಬಳಿ ತಡೆದು ನಿಲ್ಲಿಸಿದರು. ಮುಖದಲ್ಲಿ ಆತಂಕವಿತ್ತು.

"ರಾತ್ರಿ ಎಚ್ಚರ ಆಗ್ಲಿಲ್ವೇನಮ್ಮಾ? ಸದ್ದೇ ಇರ್ಲಿಲ್ಲ. ಮಕ್ಕಳು ಏನೂ ತಿನ್ನದೆ ಉಪವಾಸ ಇದ್ದಾರಾ? ನಾಳೆಯಿಂದ ಬೇಕಾದ್ರೆ ನಾನು ಎಬ್ಬಿಸ್ತೀನಿ, ಹೇಗೂ ನನಗೆ ಆ ಹೊತ್ತಿಗೆ ಎಚ್ಚರ ಆಗಿರುತ್ತೆ."