ಡಿಜೆಗೆ ಮುಂಗಡ, ಡೊಳ್ಳಿಗೆ ಚೌಕಾಸಿ (ನಮ್ಮ ಕಡೆ ಮಾತು, ಭಾಗ 9)

ಮೊದಲನೇ ಫೋಟೋದಲ್ಲಿ ಇರೋದು ನಮ್ಮ ಸೋದರಮಾವನ ಡೊಳ್ಳು. ಕೂಡ್ಲಿಗಿ ಕಡೆ ಹಳ್ಳಿ. ಗೂಟಕ್ಕೆ ತೂಗುಹಾಕಿದಾರೆ, ಪಕ್ಕದಲ್ಲಿ ಶೇಂಗಾ ಚೀಲ. ಸ್ವಲ್ಪ ಝೂಮ್ ಮಾಡಿ ನೋಡ್ರಿ, ಹಗ್ಗ ಸಡಿಲ ಆಗೈತಿ. ದಿನಾ ಬಾರಿಸೋ ಡೊಳ್ಳಿನ ಹಗ್ಗ ಹಂಗಿರಲ್ಲ.

ಇವತ್ತಿನದು ಉದ್ದ ಐತಿ. ಬಸ್ ಕಾಯ್ತಾ ಇದ್ರೆ ಓದ್ರಿ.

ನಮ್ಮ ಕ್ಲಾಸಲ್ಲಿ ಒಬ್ಬ ಇದಾನೆ, ಕಿವಿಯಿಂದ ಇಯರ್‌ಫೋನ್ ತೆಗೆಯೋದೇ ಇಲ್ಲ. ಅವನು ಕೇಳೋದು ಡ್ರಮ್ ಅಂಡ್ ಬಾಸ್. 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ಸಂಗೀತ. ನಿಮಿಷಕ್ಕೆ 170ರ ಆಸುಪಾಸು ಬೀಟು, ಕೆಳಗೆ ಎದೆ ನಡುಗಿಸೋ ಬಾಸ್. 1997ರಲ್ಲಿ ರೋನಿ ಸೈಜ್ ಮತ್ತು ರೆಪ್ರೆಜೆಂಟ್ ಅನ್ನೋ ಬ್ರಿಸ್ಟಲ್ ತಂಡ ರೇಡಿಯೋಹೆಡ್‌ನಂಥವರನ್ನ ಹಿಂದೆ ಹಾಕಿ ಮರ್ಕ್ಯುರಿ ಪ್ರಶಸ್ತಿ ತಗೊಂಡಿತ್ತಂತೆ. ಒಂದು ಟ್ರ್ಯಾಕ್ ಕೇಳಿಸಿ "ಹೆಂಗೈತಿ?" ಅಂದ. "ಇದನ್ನ ನಮ್ಮ ಮಾವ ಒಬ್ಬರೇ ಬಾರಿಸ್ತಾರಲೇ" ಅಂದೆ. ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ. ಡೊಳ್ಳಿನ ಒಂದು ಕಡೆ ಕೋಲಿನ ಏಟು, ಇನ್ನೊಂದು ಕಡೆ ಅಂಗೈ ಏಟು. ಚುರುಕೂ ಅದರಲ್ಲೇ, ಗುಡುಗೂ ಅದರಲ್ಲೇ. ಅಷ್ಟು ಭಾರ ಕಟ್ಟಿಕೊಂಡು ಮೇಲೆ ಕುಣೀಬೇಕು ಬೇರೆ.

ಅವನಿಂದಲೇ ಇನ್ನೊಂದು ಗೊತ್ತಾಯ್ತು. ಆ ಸಂಗೀತದಲ್ಲಿ ಸಾವಿರಾರು ಹಾಡಿಗೆ ಅಡಿಪಾಯ ಆಗಿರೋದು ಒಂದು ಏಳು ಸೆಕೆಂಡಿನ ಡ್ರಮ್ ತುಣುಕು. 1969ರಲ್ಲಿ ದಿ ವಿನ್‌ಸ್ಟನ್ಸ್ ಅನ್ನೋ ಅಮೆರಿಕದ ತಂಡದ ರೆಕಾರ್ಡಿನ ಹಿಂಬದಿಯ ಹಾಡಲ್ಲಿತ್ತು. ಬಾರಿಸಿದವರು ಗ್ರೆಗರಿ ಕೋಲ್ಮನ್. ಅದನ್ನ ಕತ್ತರಿಸಿ ಅಂಟಿಸಿ ಎಷ್ಟೋ ಜನ ದುಡಿದರು. ಕೋಲ್ಮನ್‌ಗೆ ರಾಯಲ್ಟಿ ಅಂತ ಒಂದು ಪೈಸೆ ಬರಲಿಲ್ಲ, 2006ರಲ್ಲಿ ಮನೆಯಿಲ್ಲದೆ ತೀರಿಕೊಂಡರು. ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಅಭಿಮಾನಿಗಳೇ ಚಂದಾ ಎತ್ತಿ 24,000 ಪೌಂಡ್ ಕೊಟ್ಟರು. ಚಂದಾ ಅನ್ನೋದನ್ನ ಗಮನಿಸ್ರಿ. ಬರಬೇಕಾದ ಬಾಕಿ ಅಲ್ಲ, ಚಂದಾ.

ಈಗ ನಮ್ಮೂರಿಗೆ ಬರೋಣ.

ಹೋದ ವರ್ಷ ನಮ್ಮ ಓಣಿ ಗಣಪತಿ ಸಮಿತಿಯವರು "ನೀ ಬಿಕಾಂ ಅಲ್ಲೇನೋ, ಲೆಕ್ಕ ಬರಿ" ಅಂತ ನೋಟ್‌ಬುಕ್ ಕೈಗೆ ಕೊಟ್ಟರು. ಬರೆದೆ. ಡಿಜೆಗೆ 45,000, ಅದರಲ್ಲಿ 20,000 ಮುಂಗಡ. ಜನರೇಟರ್, ಡೀಸೆಲ್ ಬೇರೆ. ಡೊಳ್ಳಿನ ತಂಡ ಕೇಳಿದ್ದು 15,000. ಚೌಕಾಸಿ ಮಾಡಿ 9,000ಕ್ಕೆ ಇಳಿಸಿದರು. ಮುಂಗಡ ಸೊನ್ನೆ. ದುಡ್ಡು ಕೊಟ್ಟಿದ್ದು ಹನ್ನೆರಡು ದಿನ ಆದ ಮೇಲೆ. ಹತ್ತು ಜನ, ಗಾಡಿ ಬಾಡಿಗೆ 1,500 ಕಳೆದ್ರೆ ತಲೆಗೆ 750. ಗಾರೆ ಕೆಲಸಕ್ಕೆ ಹೋಗಿದ್ರೂ ಅಷ್ಟೇ ಸಿಗ್ತಿತ್ತು, ಅದೂ ಸಂಜೆಗೇ ಕೈಗೆ. ಡೊಳ್ಳಿನ ಚರ್ಮ ಹರಿದ್ರೆ ಆ ಖರ್ಚು ಯಾರ ಲೆಕ್ಕಕ್ಕೂ ಇಲ್ಲ. ಸವಕಳಿ ಅಂತ ಮೂರು ಸೆಮಿಸ್ಟರ್ ಓದಿದೀನಿ, ಅವತ್ತು ಅರ್ಥ ಆಯ್ತು.

ಇನ್ನೊಂದು. ರಾತ್ರಿ 10ರ ಮೇಲೆ ಸದ್ದು ಮಾಡಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಐತಲ್ಲ, ಅದಕ್ಕೆ ಡೊಳ್ಳಿನವರನ್ನ ಒಂಬತ್ತಕ್ಕೇ ನಿಲ್ಲಿಸಿದರು. ಉಳಿದ ಒಂದು ತಾಸು ಡಿಜೆಗೆ. ಕುಣಿದವರಲ್ಲಿ ನಾನೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ಮಾವನ ತಂಡ ಶುರು ಆಗಿದ್ದು ನಾನು ಹುಟ್ಟೋಕೂ ಮೊದಲು, ಬೀರಪ್ಪನ ಗುಡಿ ಮುಂದೆ. ಹದಿನಾರು ಜನ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹಡಗಲಿ, ಎಲ್ಲಿ ಮೆರವಣಿಗೆ ಇದ್ರೂ ಇವರು. ಒಂದು ಸಲ ಮೈಸೂರು ದಸರಾಕ್ಕೂ ಹೋಗಿ ಬಂದ್ರು, ಆ ಫೋಟೋ ಎರಡನೇದು (ಎಡದಿಂದ ಮೂರನೆಯವರು ಮಾವ, ಆಗ ಕೂದಲಿತ್ತು). ಈಗ ಊರಲ್ಲಿ ಉಳಿದವರು ಆರು. ಮಿಕ್ಕವರು ಗುಳೆ. ಕೆಲವರು ಬೆಂಗಳೂರಲ್ಲಿ ಕಟ್ಟಡ ಕೆಲಸ, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟ. ಹೋದ ವರ್ಷ ಬಂದ ಹತ್ತು ಜನದಲ್ಲಿ ನಾಲ್ವರು ಪಕ್ಕದೂರಿನವರು.

ಇದೇ ಕಥೆ ಸಿನಿಮಾ ಆಗಿದೆ. ಸಾಗರ್ ಪುರಾಣಿಕ್ ಅವರ 'ಡೊಳ್ಳು'. ಹುಡುಗರು ದುಡಿಯೋಕೆ ಪ್ಯಾಟಿಗೆ ಹೋಗಿ ತಂಡ ಒಡೆಯೋ ಕಥೆ. 2022ರಲ್ಲಿ ಪ್ರಕಟವಾದ 68ನೇ ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ. ಶೂಟಿಂಗ್ ಜಾಗದಲ್ಲೇ ಧ್ವನಿ ಮುದ್ರಿಸಿದ್ದಕ್ಕೆ ಕೊಡೋ ಪ್ರಶಸ್ತಿಯೂ ಬಂತು, ಆದರೆ ಚಿತ್ರ ಡಬ್ ಆಗಿದ್ದು ಅಂತ ಅದರ ಸೌಂಡ್ ಡಿಸೈನರ್ರೇ ಹೇಳಿ ದೊಡ್ಡ ಸುದ್ದಿ ಆಯ್ತು. ಡೊಳ್ಳಿನ ಸಿನಿಮಾದಲ್ಲೂ ಸದ್ದು ಯಾರದು ಅನ್ನೋ ಜಗಳ ನೋಡ್ರಿ!

ಡಿಜೆ ಬೇಡ ಅಂತ ನಾನು ಹೇಳ್ತಿಲ್ಲ. ಆ ಬಾಕ್ಸ್‌ನವನೂ ನಮ್ಮ ಹುಡುಗನೇ, ಸಾಲ ಮಾಡಿ ತಂದಿದಾನೆ. ಅವನು ಮುಂಗಡ ಇಲ್ಲದೆ ಗಾಡಿ ಹತ್ತಲ್ಲ, ಅದು ಸರಿನೇ. ಮಾವನ ತಂಡ ಮುಂಗಡ ಕೇಳಲ್ಲ, ಅದು ತಪ್ಪು. ಕೊಟ್ಟೂರೇಶ್ವರನ ತೇರಿಗೆ ಸಮಾಳ, ಮೈಲಾರಕ್ಕೆ ಗೊರವರ ಡಮರುಗ, ಅದೆಲ್ಲ ಸೇವೆ, ಅಲ್ಲಿ ದುಡ್ಡಿನ ಮಾತಿಲ್ಲ. ಅದೇ ರೂಢಿಯಲ್ಲಿ ಗಣಪತಿ ಮೆರವಣಿಗೆಗೂ, ಯಾರದೋ ಸ್ವಾಗತಕ್ಕೂ ಹೋಗಿ ಬಿಸಿಲಲ್ಲಿ ಮೂರು ತಾಸು ನಿಂತು ಐದು ನಿಮಿಷ ಬಾರಿಸಿ ಬರ್ತಾರೆ. ಸೇವೆ ಬೇರೆ, ಕೂಲಿ ಬೇರೆ. ಇನ್ನೊಂದು ತಕರಾರೂ ಇದೆ ನಂದು: ಮಾವನ ಮಗಳಿಗೆ ಡೊಳ್ಳು ಅಂದ್ರೆ ಜೀವ, "ಹೆಣ್ಮಕ್ಕಳಿಗೆ ಯಾಕ" ಅಂತ ಕಲಿಸಿಲ್ಲ. ಆರೇ ಜನ ಉಳಿದಿದಾರೆ ಅಂತ ಅಳೋರು ಏಳನೇದವಳನ್ನ ಬಾಗಿಲಲ್ಲೇ ನಿಲ್ಲಿಸಿದಾರೆ.

ನೀವು ಯಾವುದಾದ್ರೂ ಸಮಿತಿಯಲ್ಲಿದ್ರೆ ಒಂದೇ ಕೆಲಸ ಮಾಡ್ರಿ: ಡೊಳ್ಳಿನ ದುಡ್ಡನ್ನ ಲೆಕ್ಕದ ಪುಸ್ತಕದಲ್ಲಿ "ಇತರೆ ಖರ್ಚು" ಅಂತ ಬರೀಬೇಡ್ರಿ, ಅದಕ್ಕೇ ಒಂದು ಸಾಲು ಇಡ್ರಿ, ಅರ್ಧ ಮೊದಲೇ ಕೊಡ್ರಿ. ನಮ್ಮ ಸಮಿತಿಗೆ ಈ ವರ್ಷ ನಾನು ಹಂಗೇ ಬರೆದು ಕೊಟ್ಟೀನಿ. "ನೋಡೋಣ" ಅಂದಾರೆ.

ಮಾವಗೆ ಫೋನ್ ಮಾಡಿ ಹೇಳಿದೆ. "ಎಂಟು ದಿನ ಮೊದ್ಲ ಹೇಳಪಾ, ಹಗ್ಗ ಬಿಗೀಬೇಕು, ಬೆಂಗಳೂರಿನವರಿಗೆ ರಜಾ ಕೇಳ್ಬೇಕು" ಅಂದ್ರು.